ರೋಗದ ಹೆಸರು ಬದಲಿಸಿದ ವೈದ್ಯ: ಯೂಜೆನ್ ಬ್ಲಾಯ್ಲರ್



ಸ್ಕಿಜೋಫ್ರೇನಿಯಾ ಎಂಬ ಪದ ನಮಗೆ ಹೊಸದೇನಲ್ಲ. ಸಿನಿಮಾಗಳಲ್ಲಿ ಕೇಳಿದ್ದೇವೆ, ಪತ್ರಿಕೆಗಳಲ್ಲಿ ಓದಿದ್ದೇವೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಮಾತಾಡುವ ಗೆಳೆಯನಿಗೆ ತಮಾಷೆಗೆ ಇದೇ ಪದವನ್ನು ಅಂಟಿಸುವವರೂ ಇದ್ದಾರೆ. ಹಗಲಿನಲ್ಲಿ ಸಜ್ಜನ, ರಾತ್ರಿಯಲ್ಲಿ ಕೊಲೆಗಾರ ಎಂಬಂಥ ಎರಡು ಮುಖದ ಮನುಷ್ಯನನ್ನು ಸಿನಿಮಾಗಳು ಈ ಹೆಸರಿನಲ್ಲಿ ತೋರಿಸುತ್ತವೆ. ಈ ಎರಡು ಬಳಕೆಗಳೂ ತಪ್ಪು. ಆ ಪದವನ್ನು ರೂಪಿಸಿದ ವೈದ್ಯರ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಇನ್ನು ಗುಣವಾಗುವುದಿಲ್ಲ ಎಂದು ಜಗತ್ತು ಕೈಬಿಟ್ಟಿದ್ದ ರೋಗಿಗಳಿಗೆ ಆಗ ಅಂಟಿಕೊಂಡಿದ್ದ ಒಂದು ಕಠೋರ ಹೆಸರನ್ನು ತೆಗೆದುಹಾಕಿ, ನಿಜಕ್ಕೆ ಹತ್ತಿರವಾದ ಹೆಸರನ್ನು ಕೊಡಬೇಕೆಂದು ಅವರು ಬಯಸಿದ್ದರು.

ಅವರೇ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಸ್ಕಿಜೋಫ್ರೇನಿಯಾ ಮಾತ್ರವಲ್ಲ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಆಟಿಸಂ ಎಂಬ ಪದವನ್ನೂ, ಒಂದೇ ವಿಷಯದ ಮೇಲೆ ಪ್ರೀತಿ ಮತ್ತು ದ್ವೇಷ ಒಟ್ಟಿಗೆ ಇರುವುದನ್ನು ಸೂಚಿಸುವ ಆಂಬಿವಲೆನ್ಸ್ ಎಂಬ ಪದವನ್ನೂ ಮೊದಲು ಬಳಕೆಗೆ ತಂದವರು ಇವರೇ. ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ಕೆಲಸ ಎಷ್ಟು ಕಷ್ಟದ್ದು, ಅದರಲ್ಲಿ ಒಂದು ಹೆಸರಿನ ಬೆಲೆ ಎಷ್ಟು ಎಂಬುದು ಅವರ ಬದುಕನ್ನು ನೋಡಿದರೆ ತಿಳಿಯುತ್ತದೆ.

ಹಳ್ಳಿಯ ಹುಡುಗ

ಬ್ಲಾಯ್ಲರ್ 1857ರ ಏಪ್ರಿಲ್ 30ರಂದು ಜ್ಯೂರಿಚ್ ಸರೋವರದ ದಡದಲ್ಲಿರುವ ಜೊಲ್ಲಿಕಾನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರದು ಕೃಷಿ ಹಿನ್ನೆಲೆಯ ಕುಟುಂಬ. ಅವರ ಅಜ್ಜನ ಕಾಲದಲ್ಲಿ ಜ್ಯೂರಿಚ್ ನಗರದವರಿಗೆ ಇದ್ದ ಹಕ್ಕು ಮತ್ತು ಅವಕಾಶಗಳು ಸುತ್ತಲಿನ ಹಳ್ಳಿಯವರಿಗೆ ಇರಲಿಲ್ಲ. ದೊಡ್ಡ ಹುದ್ದೆಗಳೂ ಉನ್ನತ ಶಿಕ್ಷಣವೂ ನಗರದವರ ಪಾಲಾಗಿದ್ದವು. 1830ರ ದಶಕದ ರಾಜಕೀಯ ಬದಲಾವಣೆಯ ನಂತರ ಹಳ್ಳಿಯವರಿಗೂ ಸಮಾನ ಹಕ್ಕು ಸಿಕ್ಕಿತು. 1833ರಲ್ಲಿ ಜ್ಯೂರಿಚ್ ವಿಶ್ವವಿದ್ಯಾಲಯ ಆರಂಭವಾಯಿತು. ತಮ್ಮ ಮಕ್ಕಳೂ ಅಲ್ಲಿ ಓದಬೇಕು, ತಮ್ಮ ನಡುವಿನಿಂದಲೂ ವೈದ್ಯರು, ಅಧ್ಯಾಪಕರು ಬರಬೇಕು ಎಂಬ ಆಸೆ ಹಳ್ಳಿಯ ಮನೆಗಳಲ್ಲಿ ಬೆಳೆದಿತ್ತು. ಬ್ಲಾಯ್ಲರ್ ಅಂಥ ಆಸೆಯ ನಡುವೆ ಬೆಳೆದ ಹುಡುಗ.

1870ರಲ್ಲಿ ಜೊಲ್ಲಿಕಾನ್‌ಗೆ ಹತ್ತಿರದ ಗುಡ್ಡದ ಮೇಲೆ ಬುರ್ಗ್‌ಹೋಲ್ಜ್ಲಿ ಎಂಬ ದೊಡ್ಡ ಮಾನಸಿಕ ಆಸ್ಪತ್ರೆ ತೆರೆಯಿತು. ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗವೂ ಅದೇ ಆಗಿತ್ತು. ಅದರ ಆರಂಭದ ಮುಖ್ಯಸ್ಥರಲ್ಲಿ ಜರ್ಮನಿಯಿಂದ ಬಂದ ಪ್ರಸಿದ್ಧ ಪ್ರೊಫೆಸರರು ಇದ್ದರು. ಮೆದುಳಿನ ಅಧ್ಯಯನದಲ್ಲಿ ಅವರು ದೊಡ್ಡ ವಿದ್ವಾಂಸರು. ಆದರೆ ಹಳ್ಳಿಯವರದು ಒಂದು ದೂರು ಇತ್ತು. ಈ ಪ್ರೊಫೆಸರರಿಗೆ ತಮ್ಮ ಆಡುಮಾತು ಬರುವುದಿಲ್ಲ. ರೋಗಿಗಿಂತ ಸೂಕ್ಷ್ಮದರ್ಶಕದ ಮೇಲೆಯೇ ಅವರ ಗಮನ ಹೆಚ್ಚು. ರೋಗಿ ಏನು ಹೇಳುತ್ತಿದ್ದಾನೆಂದೇ ಅವರಿಗೆ ಅರ್ಥವಾಗುವುದಿಲ್ಲ ಎಂಬುದು ಆ ದೂರು. ಪುಸ್ತಕದ ಜರ್ಮನ್ ಬೇರೆ, ಜ್ಯೂರಿಚ್ ಹಳ್ಳಿಗಳ ಜರ್ಮನ್ ಬೇರೆ. ಭಯಗೊಂಡ, ಗೊಂದಲಗೊಂಡ ಮನುಷ್ಯ ಪುಸ್ತಕದ ಭಾಷೆಯಲ್ಲಿ ಅಳುವುದಿಲ್ಲ.

ಈ ದೂರು ಬ್ಲಾಯ್ಲರ್ ಮನೆಗೆ ದೂರದ ಮಾತಾಗಿರಲಿಲ್ಲ. ಅವರ ಅಕ್ಕ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾಗಿದ್ದರು. ಹಾಗಾಗಿ ಬ್ಲಾಯ್ಲರ್ ಈ ರೋಗವನ್ನು ಮೊದಲು ಕಂಡದ್ದು ಮನೆಯೊಳಗೆ, ತಮ್ಮ ಒಡಹುಟ್ಟಿದವರಲ್ಲಿ. ರೋಗಿಗಳ ಭಾಷೆಯನ್ನು ಬಲ್ಲ ವೈದ್ಯನಾಗಬೇಕೆಂಬ ಹಂಬಲ ಅವರಲ್ಲಿ ಹುಟ್ಟಿದ್ದು ಈ ವಾತಾವರಣದಲ್ಲಿಯೇ. ಅವರು ಜ್ಯೂರಿಚ್‌ನಲ್ಲಿ ವೈದ್ಯಕೀಯ ಓದಿದರು. 1881ರಲ್ಲಿ ಪದವಿ ಪಡೆದು ಬರ್ನ್ ಬಳಿಯ ವಾಲ್ಡೌ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾದರು. ನಂತರ ಪ್ಯಾರಿಸ್, ಲಂಡನ್, ಮ್ಯೂನಿಕ್‌ಗಳಿಗೆ ಹೋಗಿ ಹೆಚ್ಚಿನ ಅನುಭವ ಪಡೆದರು. ಪ್ಯಾರಿಸ್‌ನಲ್ಲಿ ಆ ಕಾಲದ ಪ್ರಖ್ಯಾತ ನರರೋಗ ತಜ್ಞ ಶಾರ್ಕೊ ಅವರ ಪಾಠಗಳನ್ನು ಕೇಳಿದರು. ಊರಿಗೆ ಮರಳಿ ಬುರ್ಗ್‌ಹೋಲ್ಜ್ಲಿಯಲ್ಲಿ ಆಗಸ್ಟ್ ಫೋರೆಲ್ ಅವರ ಕೈಕೆಳಗೆ ಕೆಲಸ ಮಾಡಿದರು.

ರೈನೌ ಆಸ್ಪತ್ರೆಯ ಹನ್ನೆರಡು ವರ್ಷ

1886ರಲ್ಲಿ, ಇನ್ನೂ 29ರ ಹರೆಯದಲ್ಲೇ, ಬ್ಲಾಯ್ಲರ್ ರೈನೌ ಆಸ್ಪತ್ರೆಯ ಮುಖ್ಯಸ್ಥರಾದರು. ರೈನ್ ನದಿಯ ನಡುವಿನ ದ್ವೀಪದಲ್ಲಿದ್ದ ಹಳೆಯ ಕ್ರೈಸ್ತ ಮಠವೊಂದನ್ನು ಮುಚ್ಚಿ ಆ ಕಟ್ಟಡಗಳಲ್ಲಿ ಈ ಆಸ್ಪತ್ರೆಯನ್ನು ಮಾಡಲಾಗಿತ್ತು. ವಾಸಿಯಾಗುವ ಭರವಸೆ ಇಲ್ಲದವರನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಅಲ್ಲಿ ನೂರಾರು ರೋಗಿಗಳಿದ್ದರು. ಮಹತ್ವಾಕಾಂಕ್ಷೆಯ ತರುಣ ವೈದ್ಯರು ಬಯಸುವಂಥ ಜಾಗವಲ್ಲ ಅದು.

ಬ್ಲಾಯ್ಲರ್ ಅಲ್ಲಿ ಹನ್ನೆರಡು ವರ್ಷ ಇದ್ದರು. ಆಗ ಅವರಿಗೆ ಮದುವೆಯಾಗಿರಲಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ರೋಗಿಗಳ ನಡುವೆಯೇ ಅವರ ಬದುಕು. ರೋಗಿಗಳೊಂದಿಗೆ ಹೊಲದ ಕೆಲಸಕ್ಕೆ, ಕಾಡಿನ ಕೆಲಸಕ್ಕೆ ಹೋಗುತ್ತಿದ್ದರು. ಅವರ ಜೊತೆ ದೂರದ ನಡಿಗೆ ಹೊರಡುತ್ತಿದ್ದರು. ಅವರಿಂದ ನಾಟಕ ಆಡಿಸುತ್ತಿದ್ದರು. ಅವರ ಮಾತು ಎಷ್ಟೇ ಅಸಂಬದ್ಧವಾಗಿ ಕೇಳಿದರೂ ಅವರದೇ ಆಡುಮಾತಿನಲ್ಲಿ ಗಂಟೆಗಟ್ಟಲೆ ಕೇಳುತ್ತಿದ್ದರು. ಕಂಡದ್ದನ್ನು, ಕೇಳಿದ್ದನ್ನು ಬರೆದಿಡಲು ಕಾಗದ ಸದಾ ಕೈಯಲ್ಲಿರುತ್ತಿತ್ತು.

ಈ ಒಡನಾಟದಿಂದ ಅವರಿಗೆ ಒಂದು ವಿಷಯ ಹೊಳೆಯಿತು. ಹೊರಗಿನಿಂದ ನೋಡುವವರಿಗೆ ಬುದ್ಧಿಯೇ ನಾಶವಾದಂತೆ ಕಾಣುತ್ತಿದ್ದ ರೋಗಿಯೊಳಗೆ ನೆನಪು, ಭಾವನೆ, ವಿವೇಚನೆ ಉಳಿದಿದ್ದವು. ವರ್ಷಗಟ್ಟಲೆ ಮಾತಾಡದೆ ಮೂಲೆಯಲ್ಲಿ ಕುಳಿತವನೂ ಸುತ್ತ ನಡೆದದ್ದನ್ನೆಲ್ಲ ಗಮನಿಸುತ್ತಿದ್ದ. ಕೆಲಸ, ಜವಾಬ್ದಾರಿ, ಪರಿಚಿತ ಮುಖ ಸಿಕ್ಕಾಗ ಕೆಲವರು ಚೇತರಿಸಿಕೊಳ್ಳುತ್ತಿದ್ದರು. ಇನ್ನು ಆಗದು ಎಂದುಕೊಂಡಿದ್ದವರನ್ನು ಮನೆಗೆ ಕಳುಹಿಸಿದಾಗ ಅಲ್ಲಿ ಅವರು ಆಸ್ಪತ್ರೆಯಲ್ಲಿದ್ದುದಕ್ಕಿಂತ ಚೆನ್ನಾಗಿರುವುದನ್ನೂ ಅವರು ಕಂಡರು. ದೀರ್ಘಕಾಲ ಆಸ್ಪತ್ರೆಯಲ್ಲಿ ಕೂಡಿಹಾಕುವುದೇ ಕೆಲವೊಮ್ಮೆ ರೋಗಿಯನ್ನು ಹಾಳುಮಾಡುತ್ತದೆ ಎಂಬ ಅಭಿಪ್ರಾಯಕ್ಕೆ ಅವರು ಬಂದರು.

ಕ್ರೇಪೆಲಿನ್ ಕೊಟ್ಟ ವಿಂಗಡಣೆ

ಇಲ್ಲಿ ಇನ್ನೊಬ್ಬ ದೊಡ್ಡ ವೈದ್ಯರ ಪರಿಚಯ ಅಗತ್ಯ. ಅವರು ಜರ್ಮನಿಯ ಎಮಿಲ್ ಕ್ರೇಪೆಲಿನ್, 1856ರಲ್ಲಿ ಹುಟ್ಟಿದವರು. ಅವರಿಗಿಂತ ಮೊದಲು ಮಾನಸಿಕ ಕಾಯಿಲೆಗಳ ವರ್ಗೀಕರಣ ಗೊಂದಲದ ಗೂಡಾಗಿತ್ತು. ಒಬ್ಬೊಬ್ಬ ವೈದ್ಯರದು ಒಂದೊಂದು ಪಟ್ಟಿ. ಹೆಕರ್ ಎಂಬವರು 1871ರಲ್ಲಿ ಹದಿಹರೆಯದಲ್ಲಿ ಬರುವ ಒಂದು ಬಗೆಯನ್ನು ವಿವರಿಸಿದ್ದರು. ಕಾಲ್‌ಬಾಮ್ ಎಂಬವರು 1874ರಲ್ಲಿ ದೇಹ ಮರಗಟ್ಟಿದಂತಾಗುವ ಇನ್ನೊಂದು ಬಗೆಯನ್ನು ವಿವರಿಸಿದ್ದರು. ಇವೆಲ್ಲ ಬೇರೆ ಬೇರೆ ರೋಗಗಳೋ ಒಂದೇ ರೋಗದ ರೂಪಗಳೋ ಯಾರಿಗೂ ಸ್ಪಷ್ಟವಿರಲಿಲ್ಲ.

ಕ್ರೇಪೆಲಿನ್ ಒಂದು ಹೊಸ ಕ್ರಮ ಹಿಡಿದರು. ಪ್ರತಿ ರೋಗಿಗೂ ಒಂದು ಚೀಟಿ ಮಾಡಿ, ರೋಗ ಹೇಗೆ ಶುರುವಾಯಿತು, ವರ್ಷಗಳ ನಂತರ ಎಲ್ಲಿಗೆ ಮುಟ್ಟಿತು ಎಂದು ಬರೆದಿಟ್ಟರು. ಒಂದು ದಿನದ ಲಕ್ಷಣ ನೋಡಿ ತೀರ್ಮಾನಿಸದೆ ರೋಗದ ಪೂರ್ಣ ನಡೆಯನ್ನು ನೋಡಬೇಕು ಎಂಬುದು ಅವರ ದೊಡ್ಡ ಕೊಡುಗೆ. ಹೀಗೆ ನೋಡಿದಾಗ ಎರಡು ದಾರಿಗಳು ಕಂಡವು. ಒಂದರಲ್ಲಿ ಉನ್ಮಾದವೋ ಖಿನ್ನತೆಯೋ ಬಂದು ಹೋಗುತ್ತದೆ, ನಡುವೆ ರೋಗಿ ಮೊದಲಿನಂತೆ ಇರುತ್ತಾನೆ. ಇನ್ನೊಂದರಲ್ಲಿ ಚಿಕ್ಕ ವಯಸ್ಸಿನಲ್ಲೇ ಶುರುವಾಗಿ ಮನಸ್ಸು ಕ್ರಮೇಣ ಕುಸಿಯುತ್ತದೆ. ಈ ಎರಡನೆಯದಕ್ಕೆ ಅವರು ಡಿಮೆನ್ಷಿಯಾ ಪ್ರಿಕಾಕ್ಸ್ ಎಂಬ ಲ್ಯಾಟಿನ್ ಹೆಸರನ್ನು ನೆಲೆಗೊಳಿಸಿದರು. ಎಳೆಯ ವಯಸ್ಸಿನ ಬುದ್ಧಿನಾಶ ಎಂದು ಅದರ ಅರ್ಥ. 1899ರಲ್ಲಿ ಬಂದ ಅವರ ಪಠ್ಯಪುಸ್ತಕದ ಆರನೇ ಆವೃತ್ತಿಯಿಂದ ಈ ವಿಂಗಡಣೆ ಯುರೋಪಿನಲ್ಲೆಲ್ಲ ಹರಡಿತು. ಇಂದಿಗೂ ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಕಾಯಿಲೆಗಳನ್ನು ಬೇರೆ ಬೇರೆಯಾಗಿ ನೋಡುವುದಕ್ಕೆ ಮೂಲ ಇದೇ.

ಕ್ರೇಪೆಲಿನ್ 1886ರಿಂದ 1891ರವರೆಗೆ ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ದೋರ್ಪಾತ್‌ನಲ್ಲಿ, ಅಂದರೆ ಇಂದಿನ ಎಸ್ಟೋನಿಯಾದ ಟಾರ್ಟುವಿನಲ್ಲಿ, ಪ್ರೊಫೆಸರ್ ಆಗಿದ್ದರು. ಅಲ್ಲಿನ ಹೆಚ್ಚಿನ ರೋಗಿಗಳ ಭಾಷೆ ಅವರಿಗೆ ಬರುತ್ತಿರಲಿಲ್ಲ. ದುಭಾಷಿಯ ಮೂಲಕವೇ ಮಾತಾಡಬೇಕಿತ್ತು. ಅದೇ ವರ್ಷಗಳಲ್ಲಿ ಬ್ಲಾಯ್ಲರ್ ರೈನೌನಲ್ಲಿ ತಮ್ಮ ಊರಿನವರ ಮಾತನ್ನು ದುಭಾಷಿಯಿಲ್ಲದೆ ಕೇಳುತ್ತಿದ್ದರು. ಒಬ್ಬರು ರೋಗದ ನಡೆಯನ್ನು ಹೊರಗಿನಿಂದ ನೋಡಿದರು, ಇನ್ನೊಬ್ಬರು ರೋಗಿಯ ಮಾತಿನ ಒಳಗೆ ಇಣುಕಿದರು. ವಿಜ್ಞಾನಕ್ಕೆ ಎರಡೂ ಬೇಕಾಯಿತು.

ಬುರ್ಗ್‌ಹೋಲ್ಜ್ಲಿಯ ದಿನಗಳು

1898ರಲ್ಲಿ ಬ್ಲಾಯ್ಲರ್ ಬುರ್ಗ್‌ಹೋಲ್ಜ್ಲಿಯ ನಿರ್ದೇಶಕರಾಗಿ, ವಿಶ್ವವಿದ್ಯಾಲಯದ ಪ್ರೊಫೆಸರರಾಗಿ ನೇಮಕಗೊಂಡರು. ಹಳ್ಳಿಯವರ ಭಾಷೆ ಬಲ್ಲ ಹಳ್ಳಿಯ ಹುಡುಗ ಕೊನೆಗೂ ಆ ಗುಡ್ಡದ ಆಸ್ಪತ್ರೆಯ ಮುಖ್ಯಸ್ಥನಾದ. ಆಸ್ಪತ್ರೆಯೊಳಗಿನ ವಸತಿಯಲ್ಲೇ ಅವರ ಸಂಸಾರ. 1901ರಲ್ಲಿ ಸಾಹಿತ್ಯ ವಿದುಷಿ ಹೆಡ್ವಿಗ್ ವಾಸರ್ ಅವರನ್ನು ಮದುವೆಯಾದರು. ಅವರಿಗೆ ಐವರು ಮಕ್ಕಳು. ಕಾಯಿಲೆಯ ಅಕ್ಕನನ್ನೂ ಅವರು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ದಿನವಿಡೀ ವಾರ್ಡುಗಳಲ್ಲಿ ಕಂಡ ರೋಗವನ್ನು ಅವರು ರಾತ್ರಿ ಮನೆಗೆ ಬಂದಾಗಲೂ ಕಾಣುತ್ತಿದ್ದರು.

ಅಲ್ಲಿನ ಶಿಸ್ತು ಕಟ್ಟುನಿಟ್ಟು. ಬೆಳಗಿನ ಸಭೆಗೆ ಮೊದಲೇ ಕಿರಿಯ ವೈದ್ಯರು ವಾರ್ಡುಗಳ ಸುತ್ತು ಮುಗಿಸಿರಬೇಕಿತ್ತು. ಆಸ್ಪತ್ರೆಯಲ್ಲಿ ಮದ್ಯಪಾನ ಸಂಪೂರ್ಣ ನಿಷಿದ್ಧ. ಬ್ಲಾಯ್ಲರ್ ಸ್ವತಃ ಮದ್ಯ ಮುಟ್ಟದವರು, ಅದರ ವಿರುದ್ಧ ಪ್ರಚಾರ ಮಾಡಿದವರು. ಈ ಕಟ್ಟುನಿಟ್ಟಿನ ನಡುವೆಯೂ ಹೊಸ ವಿಚಾರಗಳಿಗೆ ಅಲ್ಲಿ ಬಾಗಿಲು ತೆರೆದಿತ್ತು. 1900ರ ಡಿಸೆಂಬರಿನಲ್ಲಿ ಕಾರ್ಲ್ ಯೂಂಗ್ ಎಂಬ ತರುಣ ಸಹಾಯಕನಾಗಿ ಬಂದು ಸೇರಿದ. ಮುಂದೆ ವಿಶ್ವವಿಖ್ಯಾತನಾದ ಮನಃಶಾಸ್ತ್ರಜ್ಞ ಅವನೇ. ಶಾಯಿಯ ಕಲೆಗಳ ಪರೀಕ್ಷೆಯನ್ನು ರೂಪಿಸಿದ ಹರ್ಮನ್ ರೋರ್ಶಾಕ್ ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಬರೆದದ್ದೂ ಬ್ಲಾಯ್ಲರ್ ಮಾರ್ಗದರ್ಶನದಲ್ಲಿ. ವಿಯೆನ್ನಾದ ಫ್ರಾಯ್ಡ್ ಅವರ ವಿಚಾರಗಳನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಮೊದಲು ಗಂಭೀರವಾಗಿ ಪರಿಗಣಿಸಿದ್ದೂ ಇಲ್ಲಿಯೇ. ಆದರೆ ಫ್ರಾಯ್ಡ್ ಬಳಗ ಭಿನ್ನಮತವನ್ನು ಸಹಿಸುತ್ತಿಲ್ಲ ಎಂದು ಕಂಡಾಗ ಬ್ಲಾಯ್ಲರ್ 1911ರಲ್ಲಿ ಅವರ ಸಂಘಟನೆಯಿಂದ ಹೊರಬಂದರು.

ನಿಮ್ಮ ವಯಸ್ಸಿನ ಒಬ್ಬಳ ಕಥೆ ಇಲ್ಲಿ ನೆನಪಾಗುತ್ತದೆ. 1904ರ ಆಗಸ್ಟ್‌ನಲ್ಲಿ ರಷ್ಯಾದ ರೊಸ್ತೋವ್ ನಗರದ ಸಬೀನಾ ಸ್ಪೀಲ್‌ರೈನ್ ಎಂಬ 18 ವರ್ಷದ ಹುಡುಗಿ ತೀವ್ರ ಮಾನಸಿಕ ತೊಂದರೆಯಿಂದ ಬುರ್ಗ್‌ಹೋಲ್ಜ್ಲಿಗೆ ದಾಖಲಾದಳು. ಒಂದು ವರ್ಷದೊಳಗೆ ಚೇತರಿಸಿಕೊಂಡು, ಬ್ಲಾಯ್ಲರ್ ಅವರ ಬೆಂಬಲದಿಂದ ಅದೇ ಜ್ಯೂರಿಚ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದಳು. 1911ರಲ್ಲಿ ಆಕೆ ಬರೆದ ಡಾಕ್ಟರೇಟ್ ಪ್ರಬಂಧದ ವಿಷಯ ಸ್ಕಿಜೋಫ್ರೇನಿಯಾ. ರೋಗಿಯಾಗಿ ಒಳಗೆ ಬಂದವಳು ವೈದ್ಯಳಾಗಿ ಹೊರಗೆ ಹೋದಳು.

1908ರ ಏಪ್ರಿಲ್ 24

ಆ ದಿನ ಬರ್ಲಿನ್‌ನಲ್ಲಿ ಜರ್ಮನ್ ಮನೋವೈದ್ಯರ ಸಭೆ. ಬ್ಲಾಯ್ಲರ್ ತಮ್ಮ ಆಸ್ಪತ್ರೆಯ ಆರುನೂರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಮುಂದಿಟ್ಟು ಮಾತಾಡಿದರು. ಡಿಮೆನ್ಷಿಯಾ ಪ್ರಿಕಾಕ್ಸ್ ಎಂಬ ಹೆಸರು ಸರಿಯಿಲ್ಲ ಎಂಬುದು ಅವರ ವಾದ. ಈ ರೋಗಿಗಳಲ್ಲಿ ಅನೇಕರಿಗೆ ಬುದ್ಧಿನಾಶ ಆಗುವುದೇ ಇಲ್ಲ. ಎಲ್ಲರಿಗೂ ಎಳೆಯ ವಯಸ್ಸಿನಲ್ಲೇ ಶುರುವಾಗುವುದೂ ಇಲ್ಲ. ಹೆಸರಿನ ಎರಡು ಪದಗಳಲ್ಲಿ ಎರಡೂ ತಪ್ಪು ದಾರಿಗೆ ಎಳೆಯುತ್ತವೆ. ಅದರ ಜೊತೆಗೆ ಇನ್ನೊಂದು ಸಣ್ಣ ಆದರೆ ಉಪಯುಕ್ತ ಕಾರಣವನ್ನೂ ಅವರು ಕೊಟ್ಟರು: ಆ ಎರಡು ಪದಗಳ ಹೆಸರಿನಿಂದ ವಿಶೇಷಣ ಮಾಡಲು ಬರುವುದಿಲ್ಲ.

ನಾವು ಇನ್ನೂ ಒಂದು ಮಾತು ಸೇರಿಸಿಕೊಳ್ಳಬಹುದು. ಬುದ್ಧಿನಾಶ ಎಂಬ ಹೆಸರು ಕೊಟ್ಟ ದಿನವೇ ಕೊನೆಯ ತೀರ್ಪನ್ನೂ ಕೊಟ್ಟಂತೆ. ವೈದ್ಯನೂ ಮನೆಯವರೂ ಅಲ್ಲಿಗೆ ಕೈಚೆಲ್ಲುತ್ತಾರೆ. ಆಮೇಲೆ ರೋಗಿ ಚೇತರಿಸಿಕೊಂಡರೂ ಅದನ್ನು ಗಮನಿಸುವವರೇ ಇರುವುದಿಲ್ಲ.

ಬ್ಲಾಯ್ಲರ್ ಕೊಟ್ಟ ಹೊಸ ಹೆಸರು ಗ್ರೀಕ್ ಮೂಲದ್ದು. ಸ್ಕಿಜೈನ್ ಎಂದರೆ ಸೀಳುವುದು, ಫ್ರೇನ್ ಎಂದರೆ ಮನಸ್ಸು. ಮನಸ್ಸು ಸೀಳಿತು ಎಂದರೆ ಒಬ್ಬ ಮನುಷ್ಯ ಇಬ್ಬರಾದ ಎಂದಲ್ಲ. ಆಲೋಚನೆ, ಭಾವನೆ, ಇಚ್ಛೆ ಇವುಗಳ ನಡುವಿನ ಹೊಂದಿಕೆ ಸಡಿಲಗೊಂಡಿತು ಎಂದು. ಆರೋಗ್ಯವಂತನಲ್ಲಿ ಇವು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಟ್ಟಿಗೆ ನಡೆಯುತ್ತವೆ. ಇಲ್ಲಿ ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಕನ್ನಡದಲ್ಲಿ ಕೆಲವರು ಈ ರೋಗಕ್ಕೆ ಇಚ್ಚಿತ್ತ ವಿಕಲತೆ ಎಂದು ಬರೆಯುತ್ತಾರೆ. ಎರಡು ಚಿತ್ತ ಎಂಬ ಆ ಮಾತನ್ನೂ ಎರಡು ವ್ಯಕ್ತಿತ್ವ ಎಂದು ಓದಿಕೊಳ್ಳಬಾರದು.

1911ರಲ್ಲಿ ಅವರ ದೊಡ್ಡ ಗ್ರಂಥ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ಸ್ಕಿಜೋಫ್ರೇನಿಯಾಗಳ ಗುಂಪು ಎಂಬ ಬಹುವಚನವಿದೆ. ಇದು ಒಂದೇ ರೋಗವಾಗಿರದೆ ಒಂದನ್ನೊಂದು ಹೋಲುವ ಹಲವು ರೋಗಗಳಿರಬಹುದು ಎಂಬ ಎಚ್ಚರ ಆ ಬಹುವಚನದಲ್ಲಿದೆ. ಲಕ್ಷಣಗಳನ್ನು ಅವರು ಎರಡಾಗಿ ವಿಂಗಡಿಸಿದರು. ಇಲ್ಲದ ಧ್ವನಿ ಕೇಳುವುದು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಸುಳ್ಳು ನಂಬಿಕೆ ಮೊದಲಾದವು ಎಲ್ಲರ ಕಣ್ಣಿಗೂ ಬೀಳುತ್ತವೆ, ಆದರೆ ಬೇರೆ ಕಾಯಿಲೆಗಳಲ್ಲೂ ಬರುತ್ತವೆ. ಅವು ಪೂರಕ ಲಕ್ಷಣಗಳು. ಮೂಲ ಲಕ್ಷಣಗಳು ಬೇರೆ: ಆಲೋಚನೆಗಳ ಕೊಂಡಿ ಸಡಿಲವಾಗುವುದು, ಭಾವನೆಗಳು ಸಂದರ್ಭಕ್ಕೆ ಹೊಂದದಿರುವುದು, ಒಂದೇ ವಿಷಯದಲ್ಲಿ ಬೇಕು ಬೇಡಗಳು ಒಟ್ಟಿಗೆ ಇರುವುದು, ಹೊರಜಗತ್ತಿನಿಂದ ತನ್ನೊಳಗೆ ಮುದುಡಿಕೊಳ್ಳುವುದು. ಈ ಕೊನೆಯದಕ್ಕೆ ಅವರು ಆಟಿಸಂ ಎಂದರು. ಅದೇ ಪದವನ್ನು 1943ರಲ್ಲಿ ಲಿಯೋ ಕಾನರ್ ಮಕ್ಕಳ ಬೇರೊಂದು ಸ್ಥಿತಿಗೆ ಬಳಸಿದರು. ಇಂದು ನಾವು ಆಟಿಸಂ ಎನ್ನುವುದು ಆ ಸ್ಥಿತಿಯನ್ನೇ.

ಆಲೋಚನೆಯ ಕೊಂಡಿ ಸಡಿಲವಾಗುವುದೆಂದರೆ ಏನು? ಮನೆ ಎಲ್ಲಿ ಎಂದು ಕೇಳಿದರೆ ರೋಗಿ ಹೊಳೆಯ ಹತ್ತಿರ ಎನ್ನಬಹುದು. ಹೊಳೆಯಿಂದ ಮೀನಿಗೆ, ಮುಚ್ಚದ ಮೀನಿನ ಕಣ್ಣಿಗೆ, ಅಲ್ಲಿಂದ ತನ್ನನ್ನು ಸದಾ ನೋಡುತ್ತಿರುವ ಪೊಲೀಸರಿಗೆ ಮಾತು ಹಾರಬಹುದು. ಕೇಳುವವರಿಗೆ ಅದು ಹುಚ್ಚುಮಾತು. ತಾಳ್ಮೆಯಿಂದ ಕೇಳಿದರೆ ಅದರಲ್ಲಿ ಒಂದು ಎಳೆ ಇದೆ, ಆ ಎಳೆಯ ತುದಿಯಲ್ಲಿ ಒಂದು ಭಯ ಇದೆ. ಆ ಭಯವನ್ನು ಅರ್ಥಮಾಡಿಕೊಳ್ಳಬಹುದು ಎಂದು ತೋರಿಸಿದ್ದೇ ಬ್ಲಾಯ್ಲರ್ ಅವರ ಹಿರಿಮೆ.

ಹೆಸರಿನ ಇನ್ನೊಂದು ಮುಖ

ಮಹನೀಯರ ಬದುಕನ್ನು ಬರೆಯುವಾಗ ಅವರ ತಪ್ಪುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಬ್ಲಾಯ್ಲರ್ ಹೇಳಿದ ಮೂಲ ಲಕ್ಷಣಗಳು ಸೂಕ್ಷ್ಮವಾದವು, ಅಳತೆಗೆ ಸಿಗದವು. ಅವುಗಳನ್ನೇ ನಂಬಿ ಹೊರಟಾಗ ಸ್ವಲ್ಪ ಒಂಟಿ ಸ್ವಭಾವದವರನ್ನೂ ರೋಗಿ ಎನ್ನುವ ಅಪಾಯವಿತ್ತು. ಹೊರಗೆ ಕಾಣದ ಸುಪ್ತ ಸ್ಕಿಜೋಫ್ರೇನಿಯಾ ಉಂಟು ಎಂದು ಅವರೇ ಬರೆದದ್ದರಿಂದ ಬಲೆ ಇನ್ನೂ ಅಗಲವಾಯಿತು. ಮುಂದೆ ಸೋವಿಯತ್ ಒಕ್ಕೂಟದಲ್ಲಿ ಇಂಥದ್ದೇ ಅಸ್ಪಷ್ಟ ರೋಗನಿರ್ಣಯ ಕೊಟ್ಟು ಸರ್ಕಾರವನ್ನು ಪ್ರಶ್ನಿಸಿದವರನ್ನು ಆಸ್ಪತ್ರೆಗಳಲ್ಲಿ ಕೂಡಿಹಾಕಿದ್ದುಂಟು.

ಇನ್ನೂ ಗಂಭೀರವಾದ ತಪ್ಪೊಂದಿದೆ. ಮಾನಸಿಕ ರೋಗಿಗಳಿಗೆ ಸಂತಾನ ಬೇಡ ಎಂಬ ಸುಜನನವಾದ ಆ ಕಾಲದ ಅನೇಕ ವಿದ್ಯಾವಂತರನ್ನು ಆವರಿಸಿತ್ತು. ಬ್ಲಾಯ್ಲರ್ ಕೂಡ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸಮರ್ಥಿಸಿದರು. ರೋಗಿಯ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವರು ಈ ವಿಷಯದಲ್ಲಿ ರೋಗಿಯನ್ನು ಕೇಳಲಿಲ್ಲ. 1933ರ ಜುಲೈ 14ರಂದು ಹಿಟ್ಲರನ ಜರ್ಮನಿ ಕಡ್ಡಾಯ ಸಂತಾನಹರಣದ ಕಾನೂನು ತಂದಾಗ ಅದರಲ್ಲಿ ಹೆಸರಿಸಿದ ಕಾಯಿಲೆಗಳಲ್ಲಿ ಸ್ಕಿಜೋಫ್ರೇನಿಯಾ ಕೂಡ ಇತ್ತು. ಯುದ್ಧದ ವರ್ಷಗಳಲ್ಲಿ ಅಲ್ಲಿನ ಆಸ್ಪತ್ರೆಗಳ ಸಾವಿರಾರು ಮಾನಸಿಕ ರೋಗಿಗಳನ್ನು ಕೊಲ್ಲಲಾಯಿತು. ಭರವಸೆ ಕೊಡಲೆಂದು ಹುಟ್ಟಿದ ಹೆಸರು ಸಾವಿನ ಪಟ್ಟಿಯಲ್ಲಿ ಬಳಕೆಯಾಯಿತು. ಡಾಕ್ಟರ್ ಆಗಿದ್ದ ಸಬೀನಾ ಸ್ಪೀಲ್‌ರೈನ್ ಕೂಡ, ಯಹೂದಿ ಎಂಬ ಕಾರಣಕ್ಕೆ, 1942ರಲ್ಲಿ ರೊಸ್ತೋವ್‌ನಲ್ಲಿ ನಾಜಿಗಳ ಕೈಯಲ್ಲಿ ಹತರಾದರು.

ಯುದ್ಧಕಾಲದ ಈ ಕೊಲೆಗಳನ್ನು ನೋಡಲು ಬ್ಲಾಯ್ಲರ್ ಇರಲಿಲ್ಲ. 1927ರಲ್ಲಿ ನಿವೃತ್ತರಾಗಿ ತಾವು ಹುಟ್ಟಿದ ಜೊಲ್ಲಿಕಾನ್‌ನಲ್ಲೇ ನೆಲೆಸಿದ್ದ ಅವರು, 1939ರ ಜುಲೈ 15ರಂದು 82ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧ ಶುರುವಾಗಲು ಆಗ ಇನ್ನೂ ಏಳು ವಾರ ಇತ್ತು.

ಅವರ ನಂತರ

ಅವರ ಮಗ ಮ್ಯಾನ್‌ಫ್ರೆಡ್ ಬ್ಲಾಯ್ಲರ್ 1942ರಿಂದ 1969ರವರೆಗೆ ಅದೇ ಬುರ್ಗ್‌ಹೋಲ್ಜ್ಲಿಯ ನಿರ್ದೇಶಕರಾಗಿದ್ದರು. ಅವರು 208 ರೋಗಿಗಳನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಕೆಲವು ವರ್ಷಗಳ ನಂತರ ಹೆಚ್ಚಿನವರ ಸ್ಥಿತಿ ಮತ್ತಷ್ಟು ಕುಸಿಯುತ್ತಾ ಹೋಗುವುದಿಲ್ಲ, ಗಣನೀಯ ಸಂಖ್ಯೆಯವರು ಚೇತರಿಸಿಕೊಳ್ಳುತ್ತಾರೆ ಎಂಬುದು ಅದರ ಸಾರ. ತಂದೆ ಬರ್ಲಿನ್‌ನಲ್ಲಿ ಹೇಳಿದ್ದನ್ನು ಮಗ ಲೆಕ್ಕ ಇಟ್ಟು ತೋರಿಸಿದಂತಾಯಿತು. ಅಷ್ಟರಲ್ಲಿ ಔಷಧಿಗಳೂ ಬಂದಿದ್ದವು. 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯಿಂದ ಇಲ್ಲದ ಧ್ವನಿಗಳೂ ಭಯಗಳೂ ತಗ್ಗುವುದನ್ನು ಕಂಡುಕೊಂಡಿದ್ದರು.

ಅದೇ 1972ರಲ್ಲಿ ಇನ್ನೊಂದು ಅಧ್ಯಯನವೂ ಪ್ರಕಟವಾಯಿತು. ನ್ಯೂಯಾರ್ಕ್ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳು ಲಂಡನ್‌ಗಿಂತ ಬಹಳ ಹೆಚ್ಚು ಎಂಬ ಲೆಕ್ಕ ಹಿಂದಿನಿಂದ ಇತ್ತು. ಎರಡೂ ನಗರಗಳ ರೋಗಿಗಳನ್ನು ಒಂದೇ ಕ್ರಮದಲ್ಲಿ ಪ್ರಶ್ನಿಸಿ ನೋಡಿದಾಗ ಆ ಅಂತರ ಬಹುತೇಕ ಮಾಯವಾಯಿತು. ವ್ಯತ್ಯಾಸ ಇದ್ದದ್ದು ಹೆಚ್ಚಾಗಿ ವೈದ್ಯರು ಹೆಸರಿಡುವ ರೀತಿಯಲ್ಲಿ. ಹೀಗಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿ ಸ್ಪಷ್ಟ ನಿಯಮಗಳನ್ನು ತಂದಿತು. 2013ರ ಐದನೇ ಆವೃತ್ತಿಯ ಪ್ರಕಾರ ಐದು ಮುಖ್ಯ ಲಕ್ಷಣಗಳಿವೆ: ಸುಳ್ಳು ನಂಬಿಕೆ, ಇಲ್ಲದ್ದು ಕೇಳುವುದು ಅಥವಾ ಕಾಣುವುದು, ಅಸ್ತವ್ಯಸ್ತ ಮಾತು, ಅಸ್ತವ್ಯಸ್ತ ನಡವಳಿಕೆ, ಮತ್ತು ಭಾವನೆ ಹಾಗೂ ಉತ್ಸಾಹ ಬತ್ತಿಹೋಗುವುದು. ಇವುಗಳಲ್ಲಿ ಕನಿಷ್ಠ ಎರಡು ಒಂದು ತಿಂಗಳ ಬಹುಪಾಲು ಕಾಲ ಇರಬೇಕು. ಆ ಎರಡರಲ್ಲಿ ಒಂದು ಮೊದಲ ಮೂರರಲ್ಲಿ ಸೇರಿದ್ದಾಗಿರಬೇಕು. ಓದು, ಕೆಲಸ, ಬದುಕು ಕೆಟ್ಟಿರಬೇಕು. ತೊಂದರೆಯ ಚಿಹ್ನೆಗಳು ಒಟ್ಟು ಆರು ತಿಂಗಳಾದರೂ ಮುಂದುವರಿದಿರಬೇಕು. ಮಾದಕ ವಸ್ತು ಅಥವಾ ಬೇರೆ ಕಾಯಿಲೆ ಕಾರಣವಲ್ಲವೆಂದು ಖಚಿತವಾಗಬೇಕು. ಹಳೆಯ ಉಪವಿಭಾಗಗಳನ್ನು ಈ ಆವೃತ್ತಿಯೂ, 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯೂ ಕೈಬಿಟ್ಟಿವೆ. ಜಪಾನ್ ದೇಶವಂತೂ 2002ರಲ್ಲಿ ರೋಗದ ಹೆಸರನ್ನೇ ಬದಲಿಸಿತು. ಮನಸ್ಸು ಒಡೆದ ರೋಗ ಎಂಬ ಹಳೆಯ ಹೆಸರು ರೋಗಿಗಳಿಗೂ ಮನೆಯವರಿಗೂ ಅವಮಾನ ತರುತ್ತಿದೆ ಎಂದು, ಹೊಂದಿಕೆ ತಪ್ಪಿದ ಸ್ಥಿತಿ ಎಂಬರ್ಥದ ಹೆಸರನ್ನು ಅಲ್ಲಿ ತಂದರು. 1908ರ ಕೆಲಸ ಇನ್ನೂ ಮುಗಿದಿಲ್ಲ ಎಂದಾಯಿತು.

ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇದು. ಇಂದಿಗೂ ಈ ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಸ್ಕ್ಯಾನ್ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ತಿಳಿಯಲು. ರೋಗನಿರ್ಣಯ ಆಗುವುದು ರೋಗಿಯ ಮಾತು, ಮನೆಯವರ ಮಾತು, ವೈದ್ಯರ ಗಮನ ಇವುಗಳಿಂದಲೇ. ನಮ್ಮ ರಾಜ್ಯದಲ್ಲಿ ವೈದ್ಯರು ಓದುವುದು ಇಂಗ್ಲಿಷಿನಲ್ಲಿ. ರೋಗಿ ತನ್ನ ಭಯವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ಬ್ಯಾರಿಯಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ. ನಿಮ್ಮಲ್ಲಿ ನೀಟ್ ಬರೆದು ವೈದ್ಯರಾಗಲು ಹೊರಟವರಿಗೆ ಈ ಭಾಷೆಗಳು ಹೊರೆಯಲ್ಲ, ಸ್ಟೆತೊಸ್ಕೋಪಿನಷ್ಟೇ ಬೇಕಾದ ಉಪಕರಣ.

ನಮಗೆ ಪಾಠ

ಜಗತ್ತಿನಲ್ಲಿ ಸುಮಾರು ಮುನ್ನೂರು ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆಯೆಂದು ಅಂದಾಜು. ಹದಿಹರೆಯದ ಕೊನೆ ಮತ್ತು ಇಪ್ಪತ್ತರ ದಶಕದಲ್ಲಿ, ಅಂದರೆ ನಿಮ್ಮ ವಯಸ್ಸಿನ ಆಸುಪಾಸಿನಲ್ಲಿ, ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಚೆನ್ನಾಗಿ ಓದುತ್ತಿದ್ದ ಗೆಳೆಯ ಇದ್ದಕ್ಕಿದ್ದಂತೆ ಎಲ್ಲರಿಂದ ದೂರವಾದರೆ, ನಿದ್ದೆ ಬಿಟ್ಟರೆ, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆಂದು ಪದೇ ಪದೇ ಹೇಳಿದರೆ, ಒಬ್ಬನೇ ಯಾರಿಗೋ ಉತ್ತರಿಸುತ್ತಿದ್ದರೆ, ಅದಕ್ಕೆ ನಾವೇ ರೋಗದ ಹೆಸರಿಡುವುದು ಬೇಡ. ನಗುವುದೂ ಬೇಡ, ದೆವ್ವ ಮೆಟ್ಟಿದೆ, ಜಿನ್ ಹಿಡಿದಿದೆ ಎಂದು ತಿಂಗಳುಗಟ್ಟಲೆ ಮುಚ್ಚಿಡುವುದೂ ಬೇಡ. ದುಆ ಇರಲಿ, ಅದರ ಜೊತೆ ದವಾ ಕೂಡ ಇರಲಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಚೇತರಿಕೆ ಸುಲಭ. ನಂಬಿಕೆಯ ಅಧ್ಯಾಪಕರಿಗೆ ಅಥವಾ ಮನೆಯ ಹಿರಿಯರಿಗೆ ತಿಳಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಇನ್ನೊಂದು ಸಣ್ಣ ಕೆಲಸ ನಮ್ಮ ನಾಲಿಗೆಯಲ್ಲೇ ಇದೆ. ಮಧುಮೇಹ ಇರುವವರನ್ನು ನಾವು ಆ ರೋಗದ ಹೆಸರಿನಿಂದ ಕರೆಯುವುದಿಲ್ಲ. ಸ್ಕಿಜೋಫ್ರೇನಿಯಾ ಇರುವವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಬ್ಲಾಯ್ಲರ್ ರೈನೌನಲ್ಲಿ ಹನ್ನೆರಡು ವರ್ಷ ರೋಗಿಗಳನ್ನು ಕರೆದು ಮಾತಾಡಿಸಿದ ಮೇಲೆಯೇ ಅವರ ಕಾಯಿಲೆಗೆ ಹೊಸ ಹೆಸರು ಹುಡುಕಲು ಹೊರಟರು. ನಾವೂ ಅವರನ್ನು ಹೆಸರಿಡಿದು ಕರೆಯೋಣ, ಪಕ್ಕದಲ್ಲಿ ಕುಳಿತು ಅವರು ಹೇಳುವುದನ್ನು ಕೇಳೋಣ.